ಹಳೆಯ ಪೆಟ್ರೋಲ್ ಜೀಪು, ಹೊಸ ಕಾರ್ಬ್ಯುರೇಟರ್ ಮತ್ತು ಹಿಂದೆ ಬಿದ್ದಿದ್ದ ಟೈಮಿಂಗ್

ನಮ್ಮ ತೋಟದ ಜೀಪು 1968ರ ಮಾದರಿಯ ಮಹೀಂದ್ರ ಸಿಜೆ-3ಬಿ. ದೊಡ್ಡಪ್ಪ ಅದನ್ನು ಕೊಂಡ ಕೆಲವೇ ವರ್ಷಗಳಲ್ಲಿ ಹಿಂದಿನ ಸೀಟುಗಳನ್ನು ತೆಗೆಸಿ, ಹಲಗೆಯ ತೊಟ್ಟಿ ಕಟ್ಟಿಸಿ, ಗೊಬ್ಬರದ ಚೀಲ, ಕಾಫಿ ಮೂಟೆ, ಒಮ್ಮೊಮ್ಮೆ ಸಿಲ್ವರ್ ಮರದ ತುಂಡುಗಳನ್ನೂ ಹೇರುವ ಸಣ್ಣ ಲಾರಿಯನ್ನಾಗಿ ಮಾಡಿಕೊಂಡಿದ್ದರು. ಮೂಡಿಗೆರೆ, ಸಕಲೇಶಪುರದ ಕಡೆ ಇಂಥ ಜೀಪುಗಳಲ್ಲಿ ಅನೇಕವು ಪೆಟ್ರೋಲಿನ ಖರ್ಚಿಗೆ ಹೆದರಿ ಎಂದೋ ಡೀಸೆಲ್ ಎಂಜಿನ್ ಹಾಕಿಸಿಕೊಂಡವು. ದೊಡ್ಡಪ್ಪ ಹಟಮಾರಿ, ಪೆಟ್ರೋಲ್ ಎಂಜಿನನ್ನೇ ಉಳಿಸಿಕೊಂಡರು. ಈಗ ಜೀಪು ನನ್ನ ಪಾಲಿಗೆ ಬಂದಿದೆ, ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಕೊಡುವ ಅದರ ಕಾರ್ಬ್ಯುರೇಟರಿನ ತಲೆನೋವೂ ಬಂದಿದೆ.

ಈ ಎಂಜಿನ್ನಿಗೆ ಹರಿಕೇನ್ ಎಂದು ಹೆಸರು. ಅಮೆರಿಕದ ವಿಲ್ಲೀಸ್ ಕಂಪನಿಯ ವಿನ್ಯಾಸ, ನಾಲ್ಕು ಸಿಲಿಂಡರ್, ಸುಮಾರು 2,200 ಸಿಸಿ. ಇದರ ವಿಶೇಷವೆಂದರೆ ಇನ್‌ಲೆಟ್ ವಾಲ್ವುಗಳು ಮೇಲೆ ಹೆಡ್ಡಿನಲ್ಲಿಯೂ ಎಕ್ಸಾಸ್ಟ್ ವಾಲ್ವುಗಳು ಕೆಳಗೆ ಬ್ಲಾಕಿನಲ್ಲಿಯೂ ಇರುತ್ತವೆ. ಇದರಿಂದ ಎಂಜಿನ್ ಎತ್ತರವಾಗಿ, ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಸಿಜೆ-3ಬಿಯನ್ನು ದೂರದಿಂದಲೇ ಗುರುತಿಸುವಂತೆ ಮಾಡುವುದು ಆ ಎತ್ತರದ ಬಾನೆಟ್ಟೇ. ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೇರೆ ಎಂಜಿನ್ನುಗಳಲ್ಲಿ ಇರುವಂತೆ ಇದಕ್ಕೆ ಪ್ರತ್ಯೇಕವಾದ ಇನ್‌ಲೆಟ್ ಮ್ಯಾನಿಫೋಲ್ಡ್ (ಮಿಶ್ರಣವನ್ನು ಸಿಲಿಂಡರುಗಳಿಗೆ ಒಯ್ಯುವ ಕೊಳವೆ) ಇಲ್ಲ. ಆ ದಾರಿಯನ್ನು ಹೆಡ್ಡಿನೊಳಗೇ ಎರಕ ಹೊಯ್ದಿದ್ದಾರೆ, ಕಾರ್ಬ್ಯುರೇಟರ್ ನೇರವಾಗಿ ಹೆಡ್ಡಿನ ಮೇಲೆ ಕೂರುತ್ತದೆ. ಹಾಗಾಗಿ ಗಾಳಿ ಕಳ್ಳದಾರಿಯಲ್ಲಿ ಒಳಗೆ ನುಗ್ಗುವ ಜಾಗಗಳು ಬೆರಳೆಣಿಕೆಯಷ್ಟು ಮಾತ್ರ ಎಂಬುದು ನನಗೆ ಮೊದಲೇ ಹೊಳೆದಿದ್ದರೆ ಎರಡು ಭಾನುವಾರ ಉಳಿಯುತ್ತಿತ್ತು.

ಕಳೆದ ಮಳೆಗಾಲದಲ್ಲಿ ಜೀಪು ಐಡ್ಲಿಂಗಿನಲ್ಲಿ, ಎಂದರೆ ಆಕ್ಸಿಲರೇಟರ್ ಒತ್ತದಿರುವಾಗ, ಓಡದಾಯಿತು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ ಆಫ್, ಏರಿನಲ್ಲಿ ಪಿಕಪ್ ಇಲ್ಲ, ಸೈಲೆನ್ಸರಿನಲ್ಲಿ ಕಪ್ಪು ಹೊಗೆ. ಹಳೆಯ ಕಾರ್ಬ್ಯುರೇಟರನ್ನು ಬಿಚ್ಚಿ ನೋಡಿದಾಗ ಒಳಹೋಗುವ ಗಾಳಿಯನ್ನು ಹಿಡಿತದಲ್ಲಿಡುವ ಥ್ರಾಟಲ್ ಎಲೆಯ ಕಡ್ಡಿ ಅದರ ರಂಧ್ರದಲ್ಲಿ ಕೈಯಲ್ಲಿ ಅಲ್ಲಾಡಿಸಿದರೆ ಟಕ್‌ಟಕ್ ಎನ್ನುವಷ್ಟು ಸಡಿಲವಾಗಿತ್ತು. ಕಡ್ಡಿ ಉಕ್ಕಿನದು, ಸುತ್ತಲಿನ ಮೈ ಸತುವಿನ ಮಿಶ್ರಲೋಹದ್ದು. ಅರ್ಧ ಶತಮಾನ ಉಜ್ಜಿದ ಮೇಲೆ ಮೆತ್ತನೆಯದು ಸವೆಯಲೇಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸೊಲೆಕ್ಸ್ ಮಾದರಿಯನ್ನು ನೋಡಿ ಯಾರೋ ತಯಾರಿಸಿದ ಹೊಸ ಕಾರ್ಬ್ಯುರೇಟರೊಂದು ಸಿಕ್ಕಿತು. ತಂದು ಕೂರಿಸಿದೆ. ಜೀಪು ಸ್ಟಾರ್ಟ್ ಆಯಿತು. ಆದರೆ ಐಡ್ಲಿಂಗಿನಲ್ಲಿ ಎಂಜಿನ್ ಆಫ್ ಆಗದಂತೆ ಮಾಡಲು ಥ್ರಾಟಲ್ ಸ್ಕ್ರೂವನ್ನು ಎಷ್ಟೋ ಸುತ್ತು ಒಳಕ್ಕೆ ತಿರುಗಿಸಬೇಕಾಯಿತು. ಅದಕ್ಕಿಂತ ವಿಚಿತ್ರವೆಂದರೆ, ಐಡ್ಲಿಂಗಿನ ಪೆಟ್ರೋಲ್ ಹೊಂದಿಸುವ ಕೆಳಗಿನ ಮಿಕ್ಸ್ಚರ್ ಸ್ಕ್ರೂವನ್ನು ಪೂರ್ತಿ ಬಿಗಿದರೂ ಎಂಜಿನ್ನಿಗೆ ಏನೂ ಅನ್ನಿಸಲಿಲ್ಲ. ಸರಿಯಾಗಿರುವ ಕಾರ್ಬ್ಯುರೇಟರಿನಲ್ಲಿ ಆ ಸ್ಕ್ರೂ ಮುಚ್ಚಿದರೆ ಎಂಜಿನ್ ಉಸಿರುಕಟ್ಟಿ ನಿಂತುಹೋಗಬೇಕು.

ಎರಡು ಭಾನುವಾರ ಅದೇ ಎರಡು ಸ್ಕ್ರೂಗಳನ್ನು ಹಿಂದೆ ಮುಂದೆ ತಿರುಗಿಸುತ್ತ ಕಳೆದೆ. ಹೊಸ ಕಾರ್ಬ್ಯುರೇಟರೇ ಕೆಟ್ಟದ್ದೆಂದು ತೀರ್ಮಾನಿಸಿ, ಅದನ್ನು ಹಿಂದಕ್ಕೆ ಕಳಿಸುವ ಮಾತಾಡುತ್ತಿದ್ದಾಗ, ಬಣಕಲ್ಲಿನ ಹಿರಿಯ ಮೆಕ್ಯಾನಿಕ್ ಒಬ್ಬರು ಬಾನೆಟ್ಟಿನೊಳಗೆ ಬಗ್ಗಿಯೂ ನೋಡದೆ ಕೇಳಿದರು: "ಕಾರ್ಬ್ಯುರೇಟರ್ ಮುಟ್ಟೋಕೆ ಮುಂಚೆ ಪಾಯಿಂಟ್ ನೋಡಿದ್ರಾ ಗೌಡ್ರೆ?" ನೋಡಿರಲಿಲ್ಲ. ಪಾಯಿಂಟ್ ಎಂದರೆ ಡಿಸ್ಟ್ರಿಬ್ಯೂಟರಿನೊಳಗೆ ತೆರೆದು ಮುಚ್ಚುತ್ತ ಕಿಡಿಗೆ ಕಾರಣವಾಗುವ ಸಣ್ಣ ಸ್ವಿಚ್ಚು.

ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ ನಮ್ಮ ಕಡೆ ಡೆಲ್ಕೋ ಎನ್ನುತ್ತಾರೆ; ಒಂದು ಕಂಪನಿಯ ಹೆಸರು ವಸ್ತುವಿನ ಹೆಸರಾಗಿ ಉಳಿದುಬಿಟ್ಟಿದೆ. ಡೆಲ್ಕೋದ ಮುಚ್ಚಳ ತೆಗೆದು, ಪಾಯಿಂಟಿನ ಹಿಮ್ಮಡಿ ಕ್ಯಾಮಿನ ಮೂಲೆಯ ಮೇಲೆ ಬರುವಂತೆ ಎಂಜಿನ್ ತಿರುಗಿಸಿ, ಸಂದಿ ಅಳೆಯುವ ಫೀಲರ್ ಗೇಜ್ ಹಾಕಿದೆ. ಇರಬೇಕಾದದ್ದು 20 ಥೌ, ಎಂದರೆ ಒಂದು ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಇಪ್ಪತ್ತು ಭಾಗ ಅಥವಾ ಅರ್ಧ ಮಿಲಿಮೀಟರ್. ಇದ್ದದ್ದು 11. ಟಾರ್ಚ್ ಹಿಡಿದು ನೋಡಿದರೆ ಪಾಯಿಂಟಿನ ಒಂದು ಮುಖದ ಮೇಲೆ ಸಾಸಿವೆಗಿಂತ ಸಣ್ಣ ಗುಬುಟು, ಎದುರಿನ ಮುಖದಲ್ಲಿ ಅದಕ್ಕೆ ಸರಿಹೊಂದುವ ಗುಳಿ. ಒಂದು ಕಡೆಯ ಲೋಹ ಇನ್ನೊಂದು ಕಡೆಗೆ ಹೋಗಿ ಅಂಟಿಕೊಂಡಿದ್ದರೆ, ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರಿನ ಮೇಲೆ ಅನುಮಾನ ಪಡಬೇಕು. ಇಂಥ ಪಾಯಿಂಟಿನಲ್ಲಿ ಫೀಲರ್ ಗೇಜಿನ ಅಳತೆಯೂ ನಂಬಿಕೆಗೆ ಅರ್ಹವಲ್ಲ, ಏಕೆಂದರೆ ಗೇಜಿನ ಎಲೆ ಗುಬುಟಿನ ತುದಿಯನ್ನು ಮುಟ್ಟುತ್ತದೆಯೇ ಹೊರತು ಗುಳಿಯ ತಳವನ್ನಲ್ಲ. ಪಾಯಿಂಟ್, ಕಂಡೆನ್ಸರ್ ಎರಡನ್ನೂ ಬದಲಾಯಿಸಿ, ಕ್ಯಾಮಿಗೆ ಅಕ್ಕಿಕಾಳಿನಷ್ಟು ಗ್ರೀಸ್ ಸವರಿ, 20 ಥೌಗೆ ಕೂರಿಸಿದೆ.

ಪಾಯಿಂಟಿನ ಸಂದಿಗೂ ಟೈಮಿಂಗಿಗೂ (ಕಿಡಿ ಹಾರುವ ಹೊತ್ತಿಗೂ) ಇರುವ ನಂಟನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ತೊಂದರೆಯ ಬೇರು ಅಲ್ಲಿತ್ತು. ಪಾಯಿಂಟ್ ತೆರೆದುಕೊಂಡ ಕ್ಷಣದಲ್ಲಿಯೇ ಕಾಯಿಲ್ ಕಿಡಿ ಹಾರಿಸುತ್ತದೆ. ಕ್ಯಾಮನ್ನು ಉಜ್ಜುವ ಹಿಮ್ಮಡಿ ಸವೆದಂತೆ ಸಂದಿ ಕಿರಿದಾಗುತ್ತದೆ, ಸಂದಿ ಕಿರಿದಾದಂತೆ ಪಾಯಿಂಟ್ ತಡವಾಗಿ ತೆರೆಯುತ್ತದೆ, ಕಿಡಿಯೂ ತಡವಾಗುತ್ತದೆ. ಡ್ವೆಲ್ ಮೀಟರ್ ಇರುವವರು ಗಮನಿಸಬಹುದು, ಡ್ವೆಲ್ (ಪಾಯಿಂಟ್ ಮುಚ್ಚಿಕೊಂಡಿರುವ ಕೋನ) ಒಂದು ಡಿಗ್ರಿ ಹೆಚ್ಚಿದರೆ ಟೈಮಿಂಗ್ ಹೆಚ್ಚುಕಡಿಮೆ ಒಂದು ಡಿಗ್ರಿ ಹಿಂದೆ ಬೀಳುತ್ತದೆ. ಡೆಲ್ಕೋವನ್ನು ಯಾರೂ ಮುಟ್ಟದಿದ್ದರೂ ಟೈಮಿಂಗ್ ತಾನಾಗಿಯೇ ಜಾರುವುದು ಹೀಗೆ. ಆದ್ದರಿಂದ ಪಾಯಿಂಟ್ ಸರಿಪಡಿಸಿದ ಮೇಲೆಯೇ ಟೈಮಿಂಗ್ ನೋಡಬೇಕು. ಟೈಮಿಂಗ್ ಹೊಂದಿಸಿ ಆಮೇಲೆ ಪಾಯಿಂಟ್ ಮುಟ್ಟಿದರೆ ಮೊದಲು ಮಾಡಿದ ಕೆಲಸ ನೀರಿನಲ್ಲಿ ಹೋಮ.

ತಡವಾದ ಕಿಡಿ ಕಾರ್ಬ್ಯುರೇಟರಿನ ರೋಗದಂತೆ ಏಕೆ ಕಾಣುತ್ತದೆ ಎಂಬುದು ನನಗೆ ಅರ್ಥವಾದದ್ದು ಆಗಲೇ. ಕಿಡಿ ತಡವಾದರೆ ಪಿಸ್ಟನ್ ಆಗಲೇ ಕೆಳಕ್ಕೆ ಹೊರಟಿರುತ್ತದೆ, ಉರಿಯ ಬಲದಲ್ಲಿ ಸಾಕಷ್ಟು ಪಾಲು ವ್ಯರ್ಥವಾಗಿ ಸೈಲೆನ್ಸರಿಗೆ ಹೋಗುತ್ತದೆ. ಅಷ್ಟು ನಿಶ್ಶಕ್ತವಾದ ಎಂಜಿನ್ ಐಡ್ಲಿಂಗಿನಲ್ಲಿ ಓಡುತ್ತಿರಬೇಕಾದರೆ ಥ್ರಾಟಲ್ ಎಲೆಯನ್ನು ಹೆಚ್ಚು ತೆರೆಯಲೇಬೇಕು. ಕಾರ್ಬ್ಯುರೇಟರಿನ ಗೋಡೆಯಲ್ಲಿ, ಥ್ರಾಟಲ್ ಎಲೆಯ ಅಂಚಿಗೆ ಸರಿಯಾಗಿ ಮೇಲ್ಗಡೆ, ಸೂಜಿಮೊನೆಯಂಥ ಒಂದೆರಡು ರಂಧ್ರಗಳಿವೆ. ಆಕ್ಸಿಲರೇಟರ್ ಒತ್ತಲು ಆರಂಭಿಸಿದಾಗ ಎಂಜಿನ್ ತೊದಲದಿರಲೆಂದು ಅವು ಪೆಟ್ರೋಲ್ ಒದಗಿಸುತ್ತವೆ. ಥ್ರಾಟಲ್ ಐಡ್ಲಿಂಗಿನಲ್ಲಿಯೇ ಅಷ್ಟು ತೆರೆದಿದ್ದರೆ ಆ ರಂಧ್ರಗಳು ಆಗಲೇ ಪೆಟ್ರೋಲ್ ಸುರಿಸುತ್ತಿರುತ್ತವೆ, ಕೆಳಗಿನ ಮಿಕ್ಸ್ಚರ್ ಸ್ಕ್ರೂವಿನ ಮಾತನ್ನು ಕೇಳುವವರೇ ಇರುವುದಿಲ್ಲ. ನನ್ನ ಹೊಸ ಕಾರ್ಬ್ಯುರೇಟರಿನ ಸ್ಕ್ರೂ ಸತ್ತಂತಿದ್ದುದಕ್ಕೆ ಕಾರಣ ಕಾರ್ಬ್ಯುರೇಟರಿನಲ್ಲಿರಲಿಲ್ಲ, ಒಂದಡಿ ಆಚೆಗಿದ್ದ ಡೆಲ್ಕೋದಲ್ಲಿತ್ತು.

ಟೈಮಿಂಗನ್ನು ಮೊದಲು ಎಂಜಿನ್ ನಿಂತಿರುವಾಗಲೇ ನೋಡಿದೆವು. ಈ ಎಂಜಿನ್ನಿಗೆ ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ 5 ಡಿಗ್ರಿ ಮುಂಚೆ ಕಿಡಿ ಬರಬೇಕು, ಫೈರಿಂಗ್ ಆರ್ಡರ್ (ಸಿಲಿಂಡರುಗಳಿಗೆ ಕಿಡಿ ಬರುವ ಸರದಿ) 1-3-4-2. ಒಂದನೇ ಪ್ಲಗ್ ಬಿಚ್ಚಿ, ರಂಧ್ರಕ್ಕೆ ಅಣ್ಣನ ಮಗ ಹೆಬ್ಬೆರಳು ಒತ್ತಿ ಹಿಡಿದ. ನಾನು ಮುಂದಿನಿಂದ ಹ್ಯಾಂಡಲ್ ಹಾಕಿ ನಿಧಾನವಾಗಿ ತಿರುಗಿಸಿದೆ. "ಚಿಕ್ಕಪ್ಪ, ಗಾಳಿ ತಳ್ತಾ ಇದೆ" ಎಂದು ಅವನು ಕೂಗಿದಾಗ ಕಂಪ್ರೆಷನ್ ಹೊಡೆತ ಬಂದಿದೆ ಎಂದರ್ಥ. ಈ ಪರೀಕ್ಷೆ ಮಾಡದಿದ್ದರೆ ನಾಲ್ಕನೇ ಸಿಲಿಂಡರಿನ ಸರದಿಯನ್ನು ಒಂದನೆಯದೆಂದು ತಿಳಿದು ಮೋಸಹೋಗಬಹುದು. ಪುಲ್ಲಿಯ ಗೀರು ಮುಂದಿನ ಕವರಿನ ಮೇಲಿರುವ 5 ಡಿಗ್ರಿ ಗುರುತಿಗೆ ಬಂದಲ್ಲಿ ನಿಲ್ಲಿಸಿದೆ. ಸ್ವಲ್ಪ ದಾಟಿಹೋದರೆ ಹಾಗೆಯೇ ಹಿಂದಕ್ಕೆ ಎಳೆದು ಹೊಂದಿಸಬಾರದು. ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಎಂಜಿನ್ ತಿರುಗುವ ದಿಕ್ಕಿನಲ್ಲಿಯೇ ಬರಬೇಕು, ಇಲ್ಲದಿದ್ದರೆ ಗೇರುಗಳ ನಡುವಿನ ಸಡಿಲ ಲೆಕ್ಕ ತಪ್ಪಿಸುತ್ತದೆ.

ಆಮೇಲೆ ಒಂದು ಸಣ್ಣ ಬಲ್ಬು. ಅದರ ಒಂದು ವೈರನ್ನು ಕಾಯಿಲಿನಿಂದ ಡೆಲ್ಕೋಗೆ ಬರುವ ವೈರಿನ ತುದಿಗೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಸೇರಿಸಿ ಇಗ್ನಿಷನ್ ಆನ್ ಮಾಡಬೇಕು. ಪಾಯಿಂಟ್ ಮುಚ್ಚಿರುವವರೆಗೆ ಬಲ್ಬು ಉರಿಯುವುದಿಲ್ಲ, ತೆರೆದ ಕ್ಷಣ ಹತ್ತಿಕೊಳ್ಳುತ್ತದೆ. ಡೆಲ್ಕೋದ ಕ್ಲ್ಯಾಂಪ್ ಸಡಿಲಿಸಿ, ರೋಟರ್ ತಿರುಗುವ ದಿಕ್ಕಿಗೆ ಎದುರಾಗಿ ಕೂದಲೆಳೆಯಷ್ಟು ತಿರುಗಿಸುತ್ತ ಹೋಗಿ, ಬಲ್ಬು ಹತ್ತಿದ ಜಾಗದಲ್ಲಿ ಬಿಗಿದೆ. ಹತ್ತು ರೂಪಾಯಿಯ ಬಲ್ಬಿನಿಂದ ಆಗುವ ಈ ಕೆಲಸ ದಾರಿಯಲ್ಲಿ ಕೆಟ್ಟು ನಿಂತವರಿಗೆ ಇಂದಿಗೂ ಅತ್ಯಂತ ನಂಬಿಕಸ್ಥ ಉಪಾಯವೆಂದು ನನ್ನ ಅಭಿಪ್ರಾಯ.

ಎಂಜಿನ್ ಓಡುವಾಗ ಮತ್ತೆ ನೋಡಲು, ಒಂದನೇ ಪ್ಲಗ್ಗಿಗೆ ಕಿಡಿ ಬಂದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟ್ ಬೇಕು. ಪುಲ್ಲಿಯ ಅಂಚನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಗೀರಿನೊಳಗೆ ವೈಟ್ನರ್ ತುಂಬಿದೆ. ಐಡ್ಲಿಂಗನ್ನು 600 ಆರ್‌ಪಿಎಮ್ಮಿಗೆ ಇಳಿಸಿ ಬೆಳಕು ಬಿಟ್ಟರೆ ಓಡುತ್ತಿರುವ ಪುಲ್ಲಿಯ ಮೇಲೆ ಆ ಬಿಳಿ ಗೆರೆ ನಿಂತಂತೆ ಕಾಣುತ್ತದೆ. ನಿಂತಂತೆ ಕಾಣುವುದು ಅದೊಂದೇ ಅಲ್ಲ, ಪಕ್ಕದ ಫ್ಯಾನಿನ ರೆಕ್ಕೆಗಳೂ ನಿಂತಂತೆ ಕಾಣಬಹುದು. ಅಂಗಿಯ ತೋಳು, ಹೆಗಲ ಟವೆಲ್ಲು ಇವನ್ನೆಲ್ಲ ದೂರವಿಟ್ಟು, ಜೀಪನ್ನು ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟೇ ಬಗ್ಗಬೇಕು. ಹಳೆಯ ಪಾಯಿಂಟಿನಲ್ಲಿ ಇದೇ ಗೆರೆ ಮೇಲ್ತುದಿಯನ್ನು ದಾಟಿ 5 ಡಿಗ್ರಿ ಆಚೆ ಇದ್ದುದನ್ನು ನಾನು ಬಿಚ್ಚುವ ಮೊದಲೇ ನೋಡಿಟ್ಟುಕೊಂಡಿದ್ದೆ. ಎಂದರೆ ಒಟ್ಟು 10 ಡಿಗ್ರಿ ಹಿಂದೆ. ಎಂಜಿನ್ ಅಷ್ಟು ದಿನ ಓಡಿದ್ದೇ ಹೆಚ್ಚು.

ಆಕ್ಸಿಲರೇಟರ್ ನಿಧಾನವಾಗಿ ಏರಿಸಿದಾಗ ಗೆರೆ ಮುಂದಕ್ಕೆ ಸರಿದು, ಬಿಟ್ಟಾಗ ಅದೇ ಜಾಗಕ್ಕೆ ಮರಳಬೇಕು. ನಮ್ಮ ಡೆಲ್ಕೋದಲ್ಲಿ ವ್ಯಾಕ್ಯೂಮ್ ಅಡ್ವಾನ್ಸ್ (ಎಂಜಿನ್ನಿನ ಎಳೆತದಿಂದ ಕಿಡಿ ಬೇಗ ಬರುವಂತೆ ಮಾಡುವ ಏರ್ಪಾಡು) ಇಲ್ಲ, ಒಳಗೆ ಸ್ಪ್ರಿಂಗಿಗೆ ಕಟ್ಟಿದ ಎರಡು ತೂಕಗಳು ವೇಗ ಹೆಚ್ಚಿದಂತೆ ಹೊರಕ್ಕೆ ಹಾರಿ ಕಿಡಿ ಬೇಗ ಬರುವಂತೆ ಮಾಡುತ್ತವೆ. ಮಲೆನಾಡಿನ ತೇವಕ್ಕೆ ಈ ತೂಕಗಳು ತುಕ್ಕು ಹಿಡಿದು ಅಂಟಿಕೊಳ್ಳುವುದುಂಟು. ನಮ್ಮದರಲ್ಲಿ ಗೆರೆ ಹೋಗುವಾಗ ಸಲೀಸಾಗಿ ಹೋಗಿ, ಬರುವಾಗ ಮಾತ್ರ ಎಳೆದಾಡಿತು. ಎರಡು ಹನಿ ಎಂಜಿನ್ ಆಯಿಲ್ ಬಿಟ್ಟ ಮೇಲೆ ಸರಿಯಾಯಿತು. ವ್ಯಾಕ್ಯೂಮ್ ಅಡ್ವಾನ್ಸ್ ಇರುವ ವಾಹನದವರು ಟೈಮಿಂಗ್ ನೋಡುವ ಮೊದಲು ಅದರ ಪೈಪ್ ಕಳಚಿ, ಕಾರ್ಬ್ಯುರೇಟರ್ ಕಡೆಯ ತುದಿಯನ್ನು ಮುಚ್ಚಿಕೊಳ್ಳಬೇಕು.

ಇಲ್ಲಿ ಸ್ವಲ್ಪ ಆಸೆಬುರುಕತನವನ್ನೂ ತೋರಿಸಿದೆ. ಇದರ ಕಂಪ್ರೆಷನ್ ರೇಷಿಯೋ ಏಳರ ಆಸುಪಾಸಿನದು, ಇಂದಿನ ಪೆಟ್ರೋಲಿನ ಆಕ್ಟೇನ್ 91ಕ್ಕೆ ಕಡಿಮೆ ಇಲ್ಲ, ಆದ್ದರಿಂದ ನಾಕಿಂಗ್ (ಮಿಶ್ರಣ ಅಡ್ಡಾದಿಡ್ಡಿ ಹೊತ್ತಿಕೊಂಡು ಬರುವ ಬಡಿತ) ಬರುವುದಿಲ್ಲವೆಂಬ ಧೈರ್ಯದಲ್ಲಿ 9 ಡಿಗ್ರಿಗೆ ಏರಿಸಿ ನೋಡಿದೆ. ನಾಕಿಂಗ್ ಬರಲಿಲ್ಲ ನಿಜ. ಆದರೆ ಮರುದಿನ ಬೆಳಿಗ್ಗೆ ಬ್ಯಾಟರಿ ಕೈಕೊಟ್ಟು ಹ್ಯಾಂಡಲ್ ಹೊಡೆದಾಗ ಎಂಜಿನ್ ಹಿಂದಕ್ಕೆ ಒದೆಯಿತು. ಹೆಬ್ಬೆರಳನ್ನು ಹ್ಯಾಂಡಲಿನ ಸುತ್ತ ಹಾಕದೆ ಉಳಿದ ಬೆರಳುಗಳ ಜೊತೆಗೇ ಇಟ್ಟು ಹಿಡಿಯಬೇಕೆಂದು ದೊಡ್ಡಪ್ಪ ಚಿಕ್ಕಂದಿನಲ್ಲೇ ಕಲಿಸಿದ್ದರಿಂದ ಕೈ ಉಳಿಯಿತು. ಅಂದೇ 6ಕ್ಕೆ ಇಳಿಸಿದೆ, ಈಗಲೂ ಅಲ್ಲಿಯೇ ಇದೆ.

ಕಿಡಿಯ ಕೆಲಸ ಮುಗಿದ ಮೇಲೆ ಟಪ್ಪೆಟ್ (ವಾಲ್ವುಗಳ ಸಂದಿ) ನೋಡಿ, ಪ್ಲಗ್ಗುಗಳನ್ನು 30 ಥೌಗೆ ಹೊಂದಿಸಿ, ಮತ್ತೆ ಕಾರ್ಬ್ಯುರೇಟರಿಗೆ ಬಂದೆ. ಮಿಕ್ಸ್ಚರ್ ಸ್ಕ್ರೂ ಈಗ ಸ್ವಲ್ಪ ಮಾತು ಕೇಳುತ್ತಿತ್ತು, ಆದರೂ ಎಂಜಿನ್ ಒಂದೇ ಸಮ ಓಡುತ್ತಿರಲಿಲ್ಲ. ಎಂಜಿನ್ ಗಾಳಿಯನ್ನು ಎಳೆಯುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್ ಹಾಕಿ ನೋಡೋಣವೆಂದುಕೊಂಡೆ. ಅದನ್ನು ಹಾಕಲು ಇದ್ದ ಜಾಗ ಹಳೆಯ ವೈಪರಿನ ಪೈಪ್ ಸೇರುತ್ತಿದ್ದ ಮೂತಿ. ಈ ಜೀಪಿನ ವೈಪರ್ ಮೊದಲು ಎಂಜಿನ್ನಿನ ವ್ಯಾಕ್ಯೂಮಿನಿಂದ ಆಡುತ್ತಿತ್ತು. ಚಾರ್ಮಾಡಿ ಘಾಟಿಯ ಮಳೆಯಲ್ಲಿ ಏರು ಹತ್ತುತ್ತ ಆಕ್ಸಿಲರೇಟರ್ ಒತ್ತಿದೊಡನೆ ವೈಪರ್ ನಿಂತುಹೋಗುತ್ತಿತ್ತು, ಗಾಜು ಕಾಣಬೇಕಾದರೆ ಕಾಲು ಎತ್ತಬೇಕಿತ್ತು. ಆ ಕಾಟ ತಾಳದೆ ದೊಡ್ಡಪ್ಪ ಕರೆಂಟಿನ ವೈಪರ್ ಹಾಕಿಸಿ, ಹಳೆಯ ಮೂತಿಗೆ ರಬ್ಬರ್ ಟೋಪಿ ತೊಡಿಸಿದ್ದರು. ಗೇಜ್ ಹಾಕಲೆಂದು ಆ ಟೋಪಿಯನ್ನು ಎಳೆದರೆ ಅದು ಒಣಗಿದ ಹುಣಸೆ ಸಿಪ್ಪೆಯಂತೆ ಕೈಯಲ್ಲಿ ಪುಡಿಯಾಯಿತು. ಎಷ್ಟು ವರ್ಷದಿಂದ ಅಲ್ಲಿ ಗಾಳಿ ಸೋರುತ್ತಿತ್ತೋ!

ಹೊಸ ಟೋಪಿ ಸಿಗುವವರೆಗೆ ಗೇಜನ್ನೇ ಅಲ್ಲಿ ಬಿಟ್ಟೆ. ಒಳ್ಳೆಯ ಸ್ಥಿತಿಯಲ್ಲಿರುವ ಎಂಜಿನ್ ಸಮುದ್ರಮಟ್ಟದಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತದೆ, ಪ್ರತಿ ಸಾವಿರ ಅಡಿಗೆ ಹೆಚ್ಚುಕಡಿಮೆ ಒಂದು ಇಂಚು ಇಳಿಯುತ್ತದೆ. ನಮ್ಮ ತೋಟ ಸುಮಾರು 3,000 ಅಡಿ ಎತ್ತರದಲ್ಲಿದೆ, ಹಾಗಾಗಿ ಮುಳ್ಳು 16ರ ಮೇಲೆ ಅಲುಗಾಡದೆ ನಿಂತಾಗ ನನಗೆ ತೃಪ್ತಿಯಾಯಿತು. ಮಂಗಳೂರಿನವರು ಕೊಟ್ಟ ಅಂಕಿಯನ್ನು ಬೆನ್ನಟ್ಟಿದ್ದರೆ ಇಲ್ಲದ ರೋಗಕ್ಕೆ ಮದ್ದು ಹುಡುಕಬೇಕಾಗುತ್ತಿತ್ತು.

ಈಗ ಮಿಕ್ಸ್ಚರ್ ಹೊಂದಿಸುವುದು ಹತ್ತು ನಿಮಿಷದ ಕೆಲಸವಾಯಿತು. ಎಂಜಿನ್ ಪೂರ್ತಿ ಬಿಸಿಯಾಗಿರಬೇಕು, ಚೋಕ್ ಪೂರ್ತಿ ತೆರೆದಿರಬೇಕು. ಸ್ಕ್ರೂವನ್ನು ಮೆಲ್ಲಗೆ ಕೊನೆಮುಟ್ಟ ಬಿಗಿದು (ಜೋರಾಗಿ ಬಿಗಿದರೆ ಅದರ ಮೊನೆಯೂ ಕೂರುವ ಜಾಗವೂ ಹಾಳು), ಒಂದೂವರೆ ಸುತ್ತು ಬಿಚ್ಚಿ ಸ್ಟಾರ್ಟ್ ಮಾಡಬೇಕು. ಒಳಕ್ಕೆ ತಿರುಗಿಸುತ್ತ ಹೋದರೆ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ತಡವರಿಸುತ್ತದೆ. ಹೊರಕ್ಕೆ ತಿರುಗಿಸುತ್ತ ಹೋದರೆ ಪೆಟ್ರೋಲ್ ಹೆಚ್ಚಾಗಿ ಕುಂಟುನಡಿಗೆ ಹಿಡಿಯುತ್ತದೆ. ಇವೆರಡರ ನಡುವೆ ಗೇಜಿನ ಮುಳ್ಳು ಅತ್ಯಂತ ಮೇಲೆ ನಿಲ್ಲುವ ಜಾಗವಿದೆ. ಅಲ್ಲಿ ಬಿಟ್ಟು, ಏರಿದ ಐಡ್ಲಿಂಗನ್ನು ಥ್ರಾಟಲ್ ಸ್ಕ್ರೂವಿನಿಂದ ಮತ್ತೆ 600ಕ್ಕೆ ಇಳಿಸಿ, ಇನ್ನೊಂದು ಸಲ ಮಿಕ್ಸ್ಚರ್ ನೋಡಬೇಕು. ಸ್ಕ್ರೂ ಪೂರ್ತಿ ಮುಚ್ಚಿದಾಗ ಎಂಜಿನ್ ನಿಂತಿತು. ಒಂದು ಎಂಜಿನ್ ನಿಂತದ್ದಕ್ಕೆ ನಾನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ಹಾಗೆಂದು ಹೊಸ ಕಾರ್ಬ್ಯುರೇಟರ್ ನಿರ್ದೋಷಿಯಾಗಿರಲಿಲ್ಲ. ಎಂಜಿನ್ ಆಫ್ ಮಾಡಿ ಮೇಲಿನಿಂದ ಬಗ್ಗಿ ನೋಡಿದರೆ ಗಂಟಲಿನೊಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಮುಚ್ಚಳ ಬಿಚ್ಚಿದಾಗ, ಒಳಗಿನ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟಿನ ಸೂಜಿ ಕೂರುವ ಜಾಗದಲ್ಲಿ ಹಿತ್ತಾಳೆಯ ಸಣ್ಣ ಸುರುಳಿಯೊಂದು ಸಿಕ್ಕಿತು, ಕಾರ್ಖಾನೆಯಲ್ಲಿ ಕೊರೆದವರು ಊದಿ ಶುಚಿಮಾಡಿರಲಿಲ್ಲ. ಪೆಟ್ರೋಲಿನ ಮಟ್ಟವೂ ತುಸು ಹೆಚ್ಚಿತ್ತು. ಸೊಲೆಕ್ಸಿನಲ್ಲಿ ಸೂಜಿ ವಾಲ್ವಿನ ಕೆಳಗೆ ದಪ್ಪ ವಾಷರ್ ಹಾಕಿದರೆ ಮಟ್ಟ ಇಳಿಯುತ್ತದೆ, ಹಾಗೆಯೇ ಮಾಡಿದೆ. ಹೊಸ ಕಾರ್ಬ್ಯುರೇಟರನ್ನು ಡಬ್ಬಿಯಿಂದ ತೆಗೆದು ನೇರವಾಗಿ ಕೂರಿಸದೆ ಮೊದಲು ಪೂರ್ತಿ ಬಿಚ್ಚಿ ತೊಳೆಯಬೇಕೆಂದು ಈಗ ಎಲ್ಲರಿಗೂ ಹೇಳುತ್ತೇನೆ.

ಇನ್ನು ಜೆಟ್ಟು, ಎಂದರೆ ಪೆಟ್ರೋಲ್ ಅಳತೆಯಂತೆ ಹಾದುಬರುವ ಸಣ್ಣ ರಂಧ್ರದ ತುಂಡು. ಸೊಲೆಕ್ಸ್ ಜೆಟ್ಟಿನ ಮೇಲಿನ ಅಂಕಿ ಅದರ ರಂಧ್ರವನ್ನು ಮಿಲಿಮೀಟರಿನ ನೂರನೇ ಭಾಗದಲ್ಲಿ ಹೇಳುತ್ತದೆ. 125 ಎಂದರೆ 1.25 ಮಿಲಿಮೀಟರ್. ಹಳೆಯದರಲ್ಲಿದ್ದ ಮೇನ್ ಜೆಟ್ 125, ಹೊಸದರಲ್ಲಿ ಬಂದದ್ದು 140. ವ್ಯತ್ಯಾಸ ಚಿಕ್ಕದೆನಿಸುತ್ತದೆ, ಆದರೆ ರಂಧ್ರದ ವಿಸ್ತೀರ್ಣ ಕಾಲುಪಾಲು ಹೆಚ್ಚು. ಹಾಗೆಂದು 125ನ್ನೇ ಮರಳಿ ಹಾಕಬೇಕೇ ಎಂಬುದಕ್ಕೆ ಒಂದು ಲೆಕ್ಕ ಮಾಡಿದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಇ-20 ಪೆಟ್ರೋಲೇ ಈಗ ಬಂಕುಗಳಲ್ಲಿ ಸಿಗುವುದು. ಶುದ್ಧ ಪೆಟ್ರೋಲ್ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಶೇ. 20 ಎಥನಾಲ್ ಬೆರೆತದ್ದಕ್ಕೆ ಸುಮಾರು 13.5 ಸಾಕು, ಎಂದರೆ ಅದೇ ಗಾಳಿಗೆ ಶೇ. 8–9ರಷ್ಟು ಹೆಚ್ಚು ಪೆಟ್ರೋಲ್ ಬೇಕು. ಇನ್ನೊಂದು ಕಡೆ, 3,000 ಅಡಿಯಲ್ಲಿ ಗಾಳಿ ತೆಳುವಾಗಿರುವುದರಿಂದ ಮಿಶ್ರಣ ತಾನಾಗಿಯೇ ಶೇ. 4–5ರಷ್ಟು ದಟ್ಟವಾಗುತ್ತದೆ. ಒಂದನ್ನೊಂದು ಕಳೆದರೆ ಉಳಿಯುವ ಕೊರತೆ ಶೇ. 4ರ ಹತ್ತಿರ, ಅದಕ್ಕೆ 127.5ರ ಜೆಟ್ ಸರಿ. ಅದು ಸಿಗದೆ 130 ಹಾಕಿದೆ. ತುಸು ದಟ್ಟವಾದರೂ ಭಾರ ಹೊರುವ ಬಂಡಿಗೆ ತೆಳುವಾಗುವುದಕ್ಕಿಂತ ಅದು ವಾಸಿ. ಮಿಶ್ರಣ ತೆಳುವಾಗಿ ಏರಿನಲ್ಲಿ ಎಂಜಿನ್ ಕಾದರೆ ಸುಡುವುದು ಎಕ್ಸಾಸ್ಟ್ ವಾಲ್ವು.

ಕೊಟ್ಟಿಗೆಹಾರದ ಕಡೆಗೆ ಹದಿನೈದು ಚೀಲ ಗೊಬ್ಬರ ಹೇರಿಕೊಂಡು ಹೋಗಿ, ಏರಿನ ಮಧ್ಯದಲ್ಲೇ ಎಂಜಿನ್ ಆಫ್ ಮಾಡಿ ಪಕ್ಕಕ್ಕೆ ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿದೆ. ಮನೆಯ ಅಂಗಳದಲ್ಲಿ ಐಡ್ಲಿಂಗಿನಲ್ಲಿ ಬಿಟ್ಟು ಪ್ಲಗ್ ನೋಡಿದರೆ ಮೇನ್ ಜೆಟ್ಟಿನ ಬಗ್ಗೆ ಏನೂ ತಿಳಿಯದು. ಮೊದಲು ಹೇಳುತ್ತಿದ್ದಂತೆ ಪಿಂಗಾಣಿ ಇಟ್ಟಿಗೆ ಬಣ್ಣಕ್ಕೆ ತಿರುಗುವುದನ್ನು ಈಗಿನ ಪೆಟ್ರೋಲಿನಲ್ಲಿ ನಿರೀಕ್ಷಿಸಬಾರದು. ಹಾಲು ಹೆಚ್ಚಾದ ಕಾಫಿಯ ಬಣ್ಣ ತುದಿಯಲ್ಲಿ ಸ್ವಲ್ಪ ಕಂಡರೆ ಸಾಕು. ನಾಲ್ಕರಲ್ಲಿ ಮೂರು ಹಾಗೆಯೇ ಇದ್ದವು, ನಾಲ್ಕನೆಯದು ಕೊಂಚ ಕಪ್ಪಾಗಿ ಎಣ್ಣೆಯ ಜಿಡ್ಡು ತೋರಿಸಿತು. ಅದು ರಿಂಗಿನ ಸಮಸ್ಯೆ, ಸ್ಕ್ರೂಡ್ರೈವರಿನಿಂದ ಹೋಗುವಂಥದ್ದಲ್ಲ.

ಒಂದು ತೊಂದರೆ ಉಳಿದಿದೆ. ಬಿಸಿಲಿನಲ್ಲಿ ಏರು ಹತ್ತಿ ಬಂದು ನಿಲ್ಲಿಸಿ, ಕಾಲು ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದರೆ ಎಂಜಿನ್ ಹತ್ತುವುದಿಲ್ಲ. ಕಾರ್ಬ್ಯುರೇಟರ್ ನೇರವಾಗಿ ಹೆಡ್ಡಿನ ಮೇಲೆ ಕೂರುವುದರಿಂದ ನಿಂತ ಮೇಲೆ ಏರುವ ಬಿಸಿಗೆ ಫ್ಲೋಟ್ ತೊಟ್ಟಿಯ ಪೆಟ್ರೋಲ್ ಕುದಿದು ಗಂಟಲಿಗೆ ಉಕ್ಕುತ್ತದೆ. ಆಕ್ಸಿಲರೇಟರನ್ನು ಪಂಪ್ ಮಾಡದೆ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ಹೊಡೆದರೆ ಹತ್ತು ಸೆಕೆಂಡಿನಲ್ಲಿ ಹತ್ತಿಕೊಳ್ಳುತ್ತದೆ. ಕಾರ್ಬ್ಯುರೇಟರಿನ ಅಡಿಗೆ 6 ಮಿಲಿಮೀಟರ್ ದಪ್ಪದ, ಬಿಸಿಯನ್ನು ತಡೆಯುವ ಹೈಲಂ ಹಲಗೆ ಕತ್ತರಿಸಿ ಕೂರಿಸಬೇಕೆಂದಿದ್ದೇನೆ. ಹಲಗೆ ಸಿಕ್ಕಿದೆ, ಅದಕ್ಕೆ ಬೇಕಾದ ಉದ್ದದ ಸ್ಟಡ್ಡುಗಳು ಇನ್ನೂ ಸಿಕ್ಕಿಲ್ಲ.